ರೇಡಿಯೊ ನಿಯಂತ್ರಿತ ಕಾರುಗಳಲ್ಲಿ ವೋಲ್ಟೇಜ್ ನಿಯಂತ್ರಕ

ರೇಡಿಯೊ ನಿಯಂತ್ರಿತ ಕಾರುಗಳಲ್ಲಿ ಬಳಸುವ ವೋಲ್ಟೇಜ್ ನಿಯಂತ್ರಕವು ಕಾರಿನ ಮುಖ್ಯ ಬ್ಯಾಟರಿಯ ಏರಿಳಿಯುವ ವೋಲ್ಟೇಜನ್ನು ಸ್ಥಿರವಾದ ಕಡಿಮೆ ವೋಲ್ಟೇಜಿಗೆ ಪರಿವರ್ತಿಸಿ, ಅದನ್ನು ರೇಡಿಯೊ ಗ್ರಾಹಕ, ಚುಕ್ಕಾಣಿಯ ಸರ್ವೊ, ಮೈಕ್ರೊಕಂಟ್ರೋಲರ್, ದೀಪ, ಕ್ಯಾಮೆರಾ ಮೊದಲಾದವುಗಳಿಗೆ ಒದಗಿಸುವ ವಿದ್ಯುನ್ಮಂಡಲವಾಗಿದೆ. ಕಾರನ್ನು ಓಡಿಸುವ ಮೋಟಾರು ಬ್ಯಾಟರಿಯಿಂದ ನೇರವಾಗಿ, ವೇಗ ನಿಯಂತ್ರಕದ ಮೂಲಕ ವಿದ್ಯುತ್ ಪಡೆಯುತ್ತದೆ. ಉಳಿದ ಎಲ್ಲ ಭಾಗಗಳು ವೋಲ್ಟೇಜ್ ನಿಯಂತ್ರಕವನ್ನು ಅವಲಂಬಿಸಿರುತ್ತವೆ. ಆದ್ದರಿಂದ ನಿಯಂತ್ರಕವು ಕ್ಷಣಕಾಲ ಸೋತರೂ ಗ್ರಾಹಕವು ಸ್ಥಗಿತಗೊಂಡು, ಕಾರು ಚಾಲಕನ ಹಿಡಿತದಿಂದ ತಪ್ಪಿಹೋಗುತ್ತದೆ.

ಗಂಟೆಗೆ 40 ಕಿ.ಮೀ. ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ ಸುಮಾರು 11 ಮೀಟರ್ ಚಲಿಸುತ್ತದೆ. ಗ್ರಾಹಕವು ಮರುಚಾಲನೆಗೊಳ್ಳಲು ಎರಡು ಸೆಕೆಂಡು ತೆಗೆದುಕೊಂಡರೆ, ಅಷ್ಟರಲ್ಲಿ ಕಾರು 22 ಮೀಟರ್ ದೂರವನ್ನು ಯಾರ ಆಜ್ಞೆಯೂ ಇಲ್ಲದೆ ಕ್ರಮಿಸಿರಬಹುದು. ಆಟದ ವಸ್ತುವೆಂದು ಕರೆಯಲಾಗುವ ಈ ಕಾರುಗಳಲ್ಲಿ 1:10 ಪ್ರಮಾಣದವು ಒಂದೂವರೆಯಿಂದ ಎರಡು ಕಿಲೋಗ್ರಾಂ ತೂಗುತ್ತವೆ. ಓಟದ ಸುತ್ತ ಮಕ್ಕಳು ನಿಂತಿರುವುದು ಸಾಮಾನ್ಯ. ಹೀಗಾಗಿ ನಿಯಂತ್ರಕದ ಆಯ್ಕೆಯು ಕೇವಲ ಬಿಡಿಭಾಗದ ಬೆಲೆಯ ಪ್ರಶ್ನೆಯಲ್ಲ.

ಹೆಸರು ಮತ್ತು ಹಿನ್ನೆಲೆ

ಹವ್ಯಾಸಿಗಳ ವಲಯದಲ್ಲಿ ಈ ಮಂಡಲವನ್ನು ‘ಬ್ಯಾಟರಿ ಎಲಿಮಿನೇಟರ್ ಸರ್ಕ್ಯೂಟ್’ ಅಥವಾ ಸಂಕ್ಷಿಪ್ತವಾಗಿ ‘ಬಿಇಸಿ’ ಎಂದು ಕರೆಯಲಾಗುತ್ತದೆ. ಆರಂಭದ ವಿದ್ಯುತ್ ಕಾರುಗಳಲ್ಲಿ ಮೋಟಾರಿಗೆ ಒಂದು ಬ್ಯಾಟರಿ, ಗ್ರಾಹಕ ಮತ್ತು ಸರ್ವೊಗಳಿಗೆ ನಾಲ್ಕು ಸಣ್ಣ ಸೆಲ್‌ಗಳ ಮತ್ತೊಂದು ಬ್ಯಾಟರಿ ಇರುತ್ತಿತ್ತು. ಈ ಎರಡನೆಯ ಬ್ಯಾಟರಿಯನ್ನು ನಿವಾರಿಸಿದ ಮಂಡಲವಾದ್ದರಿಂದ ಈ ಹೆಸರು ಬಂದಿತು. ಬಾಗಲಕೋಟೆಯ ಓದುಗರಿಗೆ ಈ ಮೂರಕ್ಷರ ಗೊಂದಲ ಉಂಟುಮಾಡಬಹುದು. ಅಲ್ಲಿ ‘ಬಿಇಸಿ’ ಎಂದರೆ 1963ರಲ್ಲಿ ಆರಂಭವಾದ ಬಸವೇಶ್ವರ ಇಂಜಿನಿಯರಿಂಗ್ ಕಾಲೇಜು ಎಂದೇ ರೂಢಿ. ಈ ಲೇಖನದಲ್ಲಿ ಗೊಂದಲ ತಪ್ಪಿಸಲು ‘ನಿಯಂತ್ರಕ’ ಎಂಬ ಪದವನ್ನೇ ಬಳಸಲಾಗಿದೆ.

ಮೂರು ಕಾಲುಗಳ ಸಂಕಲಿತ ಮಂಡಲ ರೂಪದ ನಿಯಂತ್ರಕಗಳು 1970ರ ಹೊತ್ತಿಗೆ ಮಾರುಕಟ್ಟೆಗೆ ಬಂದವು. ನ್ಯಾಷನಲ್ ಸೆಮಿಕಂಡಕ್ಟರ್ ಸಂಸ್ಥೆಗಾಗಿ ರಾಬರ್ಟ್ ವಿಡ್ಲರ್ ವಿನ್ಯಾಸಗೊಳಿಸಿದ ಎಲ್ಎಂ109 ಇವುಗಳಲ್ಲಿ ಮೊದಲಿನದು. ಅದರ ಬೆನ್ನಲ್ಲೇ ಫೇರ್‌ಚೈಲ್ಡ್ ಸಂಸ್ಥೆಯ 7800 ಸರಣಿ ಬಂದಿತು. ಈ ಸರಣಿಯ 5 ವೋಲ್ಟ್‌ನ ಸದಸ್ಯ 7805 ಇಂದಿಗೂ ಇಂಜಿನಿಯರಿಂಗ್ ಮತ್ತು ಡಿಪ್ಲೊಮಾ ವಿದ್ಯಾರ್ಥಿಗಳು ಮೊದಲು ಪರಿಚಯಿಸಿಕೊಳ್ಳುವ ನಿಯಂತ್ರಕವಾಗಿದೆ. ನ್ಯಾಷನಲ್ ಸೆಮಿಕಂಡಕ್ಟರ್ ಸಂಸ್ಥೆಯು 2011ರಲ್ಲಿ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯಲ್ಲಿ ವಿಲೀನವಾಯಿತು. 1985ರಲ್ಲಿಯೇ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆದದ್ದು ಇದೇ ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್.

ಬ್ಯಾಟರಿಯ ವರ್ತನೆ

ನಿಯಂತ್ರಕದ ಆಯ್ಕೆಯು ಬ್ಯಾಟರಿಯಿಂದ ಆರಂಭವಾಗಬೇಕು. ಬ್ಯಾಟರಿಯ ಮೇಲೆ ಮುದ್ರಿತವಾಗಿರುವುದು ನಾಮಮಾತ್ರದ ವೋಲ್ಟೇಜ್. ಎರಡು ಸೆಲ್‌ಗಳ ಲಿಥಿಯಂ ಪಾಲಿಮರ್ ಬ್ಯಾಟರಿಯ ಮೇಲೆ 7.4 ವೋಲ್ಟ್ ಎಂದಿದ್ದರೂ, ಪೂರ್ಣ ಚಾರ್ಜ್ ಆದಾಗ ಅದು 8.4 ವೋಲ್ಟ್ ಇರುತ್ತದೆ. ಬಳಕೆ ನಿಲ್ಲಿಸಬೇಕಾದ ಹಂತದಲ್ಲಿ 6.0ರಿಂದ 6.4 ವೋಲ್ಟ್‌ಗೆ ಇಳಿದಿರುತ್ತದೆ. ಮೂರು ಸೆಲ್‌ಗಳದ್ದು 12.6 ವೋಲ್ಟ್‌ನಿಂದ ಆರಂಭವಾಗುತ್ತದೆ. ಆರು ಸೆಲ್‌ಗಳ ನಿಕಲ್ ಮೆಟಲ್ ಹೈಡ್ರೈಡ್ ಬ್ಯಾಟರಿ 7.2 ವೋಲ್ಟ್ ಎಂದು ಹೆಸರಾದರೂ ಚಾರ್ಜ್ ಮಾಡಿದ ಕೂಡಲೇ 8.5 ವೋಲ್ಟ್ ದಾಟಿರಬಹುದು.

ಇದಕ್ಕಿಂತ ಮುಖ್ಯವಾದುದು ವೇಗವರ್ಧನೆಯ ಕ್ಷಣದಲ್ಲಿ ಉಂಟಾಗುವ ಕುಸಿತ. ಬ್ಯಾಟರಿಯ ಆಂತರಿಕ ರೋಧ, ತಂತಿ ಮತ್ತು ಕನೆಕ್ಟರುಗಳ ರೋಧ ಸೇರಿ 30 ಮಿಲಿಓಮ್ ಇದೆ ಎಂದೂ, ನಿಂತ ಕಾರು ಹೊರಡುವಾಗ ಮೋಟಾರು 40 ಆಂಪಿಯರ್ ಎಳೆಯುತ್ತದೆ ಎಂದೂ ಭಾವಿಸಿದರೆ, ಓಮನ ನಿಯಮದಂತೆ 1.2 ವೋಲ್ಟ್ ಮಾರ್ಗದಲ್ಲಿಯೇ ನಷ್ಟವಾಗುತ್ತದೆ. ಆಗ 7.4 ವೋಲ್ಟ್‌ನ ಬ್ಯಾಟರಿಯಿಂದ ನಿಯಂತ್ರಕಕ್ಕೆ ದೊರೆಯುವುದು 6.2 ವೋಲ್ಟ್ ಮಾತ್ರ. ಹಳೆಯ ಅಥವಾ ಉಬ್ಬಿದ ಬ್ಯಾಟರಿಯಲ್ಲಿ ಆಂತರಿಕ ರೋಧ ಹೆಚ್ಚಿರುವುದರಿಂದ ಕುಸಿತವೂ ಹೆಚ್ಚು. ಉಬ್ಬಿದ ಲಿಥಿಯಂ ಬ್ಯಾಟರಿಯನ್ನು ಈ ಕಾರಣಕ್ಕಲ್ಲದಿದ್ದರೂ ಬೆಂಕಿಯ ಅಪಾಯದ ಕಾರಣಕ್ಕೆ ಬಳಸಲೇಬಾರದು.

ರೇಖೀಯ ನಿಯಂತ್ರಕಗಳು

ರೇಖೀಯ ನಿಯಂತ್ರಕವು ಹೆಚ್ಚುವರಿ ವೋಲ್ಟೇಜನ್ನು ಶಾಖವಾಗಿ ವ್ಯಯಿಸುತ್ತದೆ. ಒಳಬರುವ ಮತ್ತು ಹೊರಹೋಗುವ ವೋಲ್ಟೇಜ್‌ಗಳ ವ್ಯತ್ಯಾಸವನ್ನು ವಿದ್ಯುತ್ ಪ್ರವಾಹದಿಂದ ಗುಣಿಸಿದರೆ ಈ ಶಾಖದ ಪ್ರಮಾಣ ವಾಟ್‌ಗಳಲ್ಲಿ ದೊರೆಯುತ್ತದೆ. 8.4 ವೋಲ್ಟ್‌ನಿಂದ 5 ವೋಲ್ಟ್‌ಗೆ 1 ಆಂಪಿಯರ್ ಒದಗಿಸುವಾಗ 3.4 ವಾಟ್ ಶಾಖ ಉತ್ಪತ್ತಿಯಾಗುತ್ತದೆ. ದಕ್ಷತೆ ಸುಮಾರು ಶೇ. 60. ಮೂರು ಸೆಲ್‌ಗಳ ಬ್ಯಾಟರಿಯಲ್ಲಾದರೆ ಶಾಖ 7.6 ವಾಟ್, ದಕ್ಷತೆ ಶೇ. 40.

ಇಂತಹ ನಿಯಂತ್ರಕ ಕೆಲಸ ಮಾಡಲು ಒಳಬರುವ ವೋಲ್ಟೇಜು ಹೊರಹೋಗುವ ವೋಲ್ಟೇಜಿಗಿಂತ ನಿರ್ದಿಷ್ಟ ಪ್ರಮಾಣದಷ್ಟು ಹೆಚ್ಚಿರಬೇಕು. ಈ ಕನಿಷ್ಠ ಅಂತರವನ್ನು ‘ಡ್ರಾಪ್‌ಔಟ್’ ಎನ್ನಲಾಗುತ್ತದೆ. 7805ರಲ್ಲಿ ಇದು ಸುಮಾರು 2 ವೋಲ್ಟ್. ಅಂದರೆ ಒಳಗೆ 7 ವೋಲ್ಟ್ ಇಲ್ಲದಿದ್ದರೆ ಹೊರಗೆ 5 ವೋಲ್ಟ್ ಖಾತ್ರಿಯಿಲ್ಲ. ಮೇಲಿನ ಉದಾಹರಣೆಯ 6.2 ವೋಲ್ಟ್‌ನಲ್ಲಿ 7805 ಸುಮಾರು 4.2 ವೋಲ್ಟ್ ನೀಡುತ್ತದೆ. ಅದೇ ಕ್ಷಣ ಸರ್ವೊ ತಿರುಗಿದರೆ ಇನ್ನೂ ಇಳಿಯುತ್ತದೆ. ಎರಡು ಸೆಲ್‌ಗಳ ಬ್ಯಾಟರಿಗೆ 7805 ಜೋಡಿಸಿದ ಕಾರು ಮೇಜಿನ ಮೇಲೆ ಸರಿಯಾಗಿದ್ದು ನೆಲದ ಮೇಲೆ ತೊದಲುವುದಕ್ಕೆ ಕಾರಣ ಇದೇ. ದೋಷವನ್ನು ಸಾಮಾನ್ಯವಾಗಿ ರೇಡಿಯೊದ ಮೇಲೆ ಹೊರಿಸಲಾಗುತ್ತದೆ.

ಕಡಿಮೆ ಡ್ರಾಪ್‌ಔಟಿನ ಎಲ್ಎಂ2940 ಇಂತಹ ಕಡೆ ಉತ್ತಮ. 1 ಆಂಪಿಯರ್ ಪ್ರವಾಹದಲ್ಲಿ ಇದಕ್ಕೆ ಸುಮಾರು ಅರ್ಧ ವೋಲ್ಟ್ ಅಂತರ ಸಾಕು. ಆದರೆ ಅದರ ಹೊರಕಾಲಿಗೆ ಕನಿಷ್ಠ 22 ಮೈಕ್ರೊಫ್ಯಾರಡ್ ಕೆಪಾಸಿಟರ್ ಇರಲೇಬೇಕು. ಆ ಕೆಪಾಸಿಟರಿನ ಆಂತರಿಕ ರೋಧವು ತೀರಾ ಕಡಿಮೆಯಿದ್ದರೂ ನಿಯಂತ್ರಕ ಅಸ್ಥಿರಗೊಂಡು ಆಂದೋಲನಕ್ಕೆ ಒಳಗಾಗುತ್ತದೆ. ಆದ್ದರಿಂದ ಸೆರಾಮಿಕ್ ಒಂದನ್ನೇ ಹಾಕದೆ ಎಲೆಕ್ಟ್ರೊಲಿಟಿಕ್ ಅಥವಾ ಟ್ಯಾಂಟಲಂ ಬಳಸಲಾಗುತ್ತದೆ. ಎಲ್ಎಂ1117ರ ಡ್ರಾಪ್‌ಔಟ್ ಸುಮಾರು 1.2 ವೋಲ್ಟ್, ಪ್ರವಾಹ ಸಾಮರ್ಥ್ಯ 800 ಮಿಲಿಆಂಪಿಯರ್. 3.3 ವೋಲ್ಟ್ ಬೇಕಾದ ಸಣ್ಣ ಮಂಡಲಗಳಿಗೆ ಇದು ಸಾಮಾನ್ಯ.

ಕಾಲುಗಳ ಕ್ರಮದಲ್ಲಿ ಎಚ್ಚರ ಅಗತ್ಯ. ಮುದ್ರಿತ ಬದಿಯನ್ನು ತನ್ನೆಡೆಗೆ ಹಿಡಿದು ನೋಡಿದಾಗ 7805 ಮತ್ತು ಎಲ್ಎಂ2940ರಲ್ಲಿ ಎಡದಿಂದ ಬಲಕ್ಕೆ ಒಳವೋಲ್ಟೇಜು, ಭೂಮಿ, ಹೊರವೋಲ್ಟೇಜು ಎಂಬ ಕ್ರಮವಿದೆ. ಎಲ್ಎಂ1117ರಲ್ಲಿ ಭೂಮಿ, ಹೊರವೋಲ್ಟೇಜು, ಒಳವೋಲ್ಟೇಜು ಎಂದಿದೆ. ಹಿಂಬದಿಯ ಲೋಹದ ಪಟ್ಟಿ ಮಧ್ಯದ ಕಾಲಿಗೆ ಸೇರಿರುವುದರಿಂದ 7805ರ ಪಟ್ಟಿ ಭೂಮಿ, 1117 ಮತ್ತು ಎಲ್ಎಂ317ರ ಪಟ್ಟಿ ಹೊರವೋಲ್ಟೇಜು ಆಗಿರುತ್ತದೆ. ಅಲ್ಯುಮಿನಿಯಂ ಚಾಸಿಯನ್ನೇ ಹೀಟ್‌ಸಿಂಕ್ ಮಾಡಿಕೊಳ್ಳುವವರು ಇದನ್ನು ಮರೆತರೆ ಹ್ರಸ್ವಮಂಡಲ ಉಂಟಾಗುತ್ತದೆ. ಅಂತಹ ಕಡೆ ಮೈಕಾ ಹಾಳೆ ಮತ್ತು ಪ್ಲಾಸ್ಟಿಕ್ ವಾಷರ್ ಬಳಸಬೇಕು.

ಸ್ವಿಚಿಂಗ್ ನಿಯಂತ್ರಕಗಳು

ಸ್ವಿಚಿಂಗ್ ನಿಯಂತ್ರಕವು ಒಳಬರುವ ವಿದ್ಯುತ್ತನ್ನು ಸೆಕೆಂಡಿಗೆ ಸಾವಿರಾರು ಬಾರಿ ಜೋಡಿಸಿ ಕಡಿದು, ಸುರುಳಿಯೊಂದರಲ್ಲಿ ಶಕ್ತಿಯನ್ನು ಸಂಗ್ರಹಿಸಿ, ಕೆಪಾಸಿಟರಿನ ನೆರವಿನಿಂದ ಸಮತಟ್ಟಾದ ವೋಲ್ಟೇಜನ್ನು ನೀಡುತ್ತದೆ. ಹೆಚ್ಚುವರಿ ವೋಲ್ಟೇಜು ಇಲ್ಲಿ ಶಾಖವಾಗಿ ಪೋಲಾಗುವುದಿಲ್ಲವಾದ್ದರಿಂದ ದಕ್ಷತೆ ಶೇ. 80ರಿಂದ 95ರವರೆಗೆ ಇರುತ್ತದೆ. ಇಂದಿನ ಉತ್ತಮ ವೇಗ ನಿಯಂತ್ರಕಗಳ ಒಳಗೆ ಇರುವುದು ಬಹುತೇಕ ಈ ಬಗೆಯದೇ.

ಭಾರತದ ಬಿಡಿಭಾಗದ ಅಂಗಡಿಗಳಲ್ಲಿ ಅತ್ಯಂತ ಸುಲಭವಾಗಿ ಸಿಗುವುದು ಎಲ್ಎಂ2596 ಅಳವಡಿಸಿದ ನೀಲಿ ಬಣ್ಣದ ಸಣ್ಣ ಹಲಗೆ. ಬೆಂಗಳೂರಿನ ಸಾದರ ಪಾತ್ರಪ್ಪ ರಸ್ತೆ, ಅಂದರೆ ಎಸ್.ಪಿ. ರೋಡಿನ ಅಂಗಡಿಗಳಲ್ಲಿ ಇದು ರಾಶಿಗಟ್ಟಲೆ ದೊರೆಯುತ್ತದೆ. ತಯಾರಕರ ದತ್ತಪತ್ರದಂತೆ ಇದರ ಸಾಮರ್ಥ್ಯ 3 ಆಂಪಿಯರ್, ಗರಿಷ್ಠ ಒಳವೋಲ್ಟೇಜು 40 ವೋಲ್ಟ್, ಸ್ವಿಚಿಂಗ್ ಆವರ್ತಾಂಕ 150 ಕಿಲೊಹರ್ಟ್ಸ್. ಆದರೆ ಅದೇ ದತ್ತಪತ್ರದಲ್ಲಿ 12 ವೋಲ್ಟ್‌ನಿಂದ 5 ವೋಲ್ಟ್‌ಗೆ 3 ಆಂಪಿಯರ್ ನೀಡುವಾಗಿನ ದಕ್ಷತೆ ಶೇ. 80 ಎಂದಿದೆ. 15 ವಾಟ್ ಹೊರಗೆ ಕೊಡಲು 18.75 ವಾಟ್ ಒಳಗೆ ಬೇಕು, ಉಳಿದ 3.75 ವಾಟ್ ಹೆಬ್ಬೆರಳಿನಷ್ಟು ಅಗಲದ ಹಲಗೆಯನ್ನು ಕಾಯಿಸುತ್ತದೆ. ಹೀಟ್‌ಸಿಂಕ್ ಇಲ್ಲದ ಹಲಗೆಯಿಂದ ನಿರಂತರವಾಗಿ 2 ಆಂಪಿಯರಿಗಿಂತ ಹೆಚ್ಚು ನಿರೀಕ್ಷಿಸುವುದು ವಿವೇಕವಲ್ಲ. ಜೊತೆಗೆ, ಇದರ ಒಳಗಿನ ಸ್ವಿಚ್ ಹಳೆಯ ಬೈಪೋಲಾರ್ ಮಾದರಿಯದಾಗಿದ್ದು ಪೂರ್ಣ ಪ್ರವಾಹದಲ್ಲಿ ಅದರ ಮೇಲೆಯೇ 1 ವೋಲ್ಟ್‌ಗಿಂತ ಹೆಚ್ಚು ಬೀಳುತ್ತದೆ. ಎರಡು ಸೆಲ್‌ಗಳ ಬ್ಯಾಟರಿಯಿಂದ 6 ವೋಲ್ಟ್ ಪಡೆಯಲು ಇದು ಸೂಕ್ತವಲ್ಲ. 5 ವೋಲ್ಟ್‌ಗೂ ಅಂಚಿನಲ್ಲಿದೆ. ಮಾಸ್‌ಫೆಟ್ ಸ್ವಿಚ್ ಇರುವ ಹೊಸ ಸಂಕಲಿತ ಮಂಡಲಗಳಲ್ಲಿ ಈ ತೊಂದರೆ ಬಹಳ ಕಡಿಮೆ.

ಅಗ್ಗದ ಹಲಗೆಗಳಲ್ಲಿ ನಕಲಿ ಸಂಕಲಿತ ಮಂಡಲಗಳೂ ಇರುತ್ತವೆ. ಅವುಗಳಲ್ಲಿ ಕೆಲವು 150ರ ಬದಲು ಸುಮಾರು 50 ಕಿಲೊಹರ್ಟ್ಸ್ ಆವರ್ತಾಂಕದಲ್ಲಿ ಕೆಲಸ ಮಾಡುತ್ತವೆ. ಹಲಗೆಯ ಸುರುಳಿ ಆ ಆವರ್ತಾಂಕಕ್ಕೆ ಚಿಕ್ಕದಾಗಿರುವುದರಿಂದ ಏರಿಳಿತ ಮತ್ತು ಶಾಖ ಎರಡೂ ಹೆಚ್ಚುತ್ತವೆ. ಹಲಗೆಯ ಮೇಲಿನ ತಿರುಪು ಮಾದರಿಯ ಬದಲಾಯಿಸಬಹುದಾದ ರೋಧಕ ಇನ್ನೊಂದು ದುರ್ಬಲ ಜಾಗ. ಕಾರಿನ ಕುಲುಕಾಟಕ್ಕೆ ಅದು ಸರಿದರೆ ಹೊರವೋಲ್ಟೇಜು ಬದಲಾಗುತ್ತದೆ. ಭಾರ ಜೋಡಿಸುವ ಮೊದಲೇ ವೋಲ್ಟೇಜನ್ನು ಹೊಂದಿಸಿ, ತಿರುಪಿನ ಮೇಲೆ ಒಂದು ಹನಿ ಉಗುರು ಬಣ್ಣ ಹಾಕುವ ರೂಢಿಯಿದೆ. ನಿಗದಿತ ವೋಲ್ಟೇಜಿನ ಹಲಗೆ ದೊರೆತರೆ ಅದೇ ಮೇಲು.

ಒಂದೇ ಸೆಲ್‌ನ ಸಣ್ಣ ಕಾರುಗಳಲ್ಲಿ 3.7 ವೋಲ್ಟನ್ನು 5ಕ್ಕೆ ಏರಿಸುವ ನಿಯಂತ್ರಕ ಬೇಕಾಗುತ್ತದೆ. ಬ್ಯಾಟರಿಯ ವೋಲ್ಟೇಜು ಬೇಕಾದ ವೋಲ್ಟೇಜಿಗಿಂತ ಒಮ್ಮೆ ಮೇಲೆ ಒಮ್ಮೆ ಕೆಳಗೆ ಇರುವ ಸಂದರ್ಭಕ್ಕೆ ಏರಿಸುವ ಮತ್ತು ಇಳಿಸುವ ಎರಡೂ ಗುಣಗಳುಳ್ಳ ನಿಯಂತ್ರಕಗಳಿವೆ.

ಪ್ರವಾಹದ ಲೆಕ್ಕ

ಎಷ್ಟು ಆಂಪಿಯರ್ ಬೇಕು ಎಂಬುದನ್ನು ಸರಾಸರಿಯಿಂದಲ್ಲ, ಕೆಟ್ಟ ಕ್ಷಣದಿಂದ ಲೆಕ್ಕ ಹಾಕಬೇಕು. ಇಲ್ಲಿ ಸರ್ವೊ ನಿರ್ಣಾಯಕ. ಎಸ್‌ಜಿ90 ಮಾದರಿಯ ಪುಟ್ಟ ಸರ್ವೊ ತಡೆಗೆ ಸಿಕ್ಕಿ ನಿಂತಾಗ ಸುಮಾರು 0.7 ಆಂಪಿಯರ್ ಎಳೆಯುತ್ತದೆ. ಲೋಹದ ಹಲ್ಲುಗಳ ಎಂಜಿ996ಆರ್ ಮಾದರಿಯದು 6 ವೋಲ್ಟ್‌ನಲ್ಲಿ 2.5 ಆಂಪಿಯರ್ ಎಳೆಯುತ್ತದೆ. ಕಾರಿನ ಮುಂಚಕ್ರ ಕಲ್ಲಿಗೆ ಸಿಕ್ಕಿಕೊಂಡು ಚಾಲಕನು ಚುಕ್ಕಾಣಿಯನ್ನು ಪೂರ್ತಿ ತಿರುಗಿಸಿದಾಗ ಇದೇ ಸ್ಥಿತಿ ಬರುತ್ತದೆ. ಬಾದಾಮಿಯ ಮರಳುಗಲ್ಲಿನ ಇಳಿಜಾರುಗಳಂತಹ ನೆಲದಲ್ಲಿ ಇದು ಅಪರೂಪದ ಘಟನೆಯಲ್ಲ.

ಎಂಜಿ996ಆರ್ ಸರ್ವೊಗೆ 2.5, ಗ್ರಾಹಕಕ್ಕೆ 0.1, ಮೋಟಾರಿನ ಫ್ಯಾನಿಗೆ 0.2, ತಲಾ 20 ಮಿಲಿಆಂಪಿಯರಿನ ಎಂಟು ಎಲ್ಇಡಿಗಳಿಗೆ 0.16 ಎಂದು ಕೂಡಿಸಿದರೆ 2.96 ಆಂಪಿಯರ್ ಆಗುತ್ತದೆ. ಇದಕ್ಕೆ 3 ಆಂಪಿಯರಿನ ನಿಯಂತ್ರಕ ಸಾಕೆಂದು ಕಾಗದ ಹೇಳುತ್ತದೆ. ಆದರೆ ಅಂಚಿಗೆ ಯಾವ ಅವಕಾಶವೂ ಉಳಿದಿಲ್ಲ. 5 ಆಂಪಿಯರಿನದನ್ನು ಆರಿಸುವುದು ಸರಿ. ಇಎಸ್‌ಪಿ32 ಹಲಗೆಯು ವೈಫೈ ಪ್ರಸಾರದ ಕ್ಷಣಗಳಲ್ಲಿ ಹಲವು ನೂರು ಮಿಲಿಆಂಪಿಯರ್ ಕೇಳುತ್ತದೆ. ರಾಸ್ಪ್‌ಬೆರಿ ಪೈ 4 ಮಾದರಿಗೆ 5 ವೋಲ್ಟ್‌ನಲ್ಲಿ 3 ಆಂಪಿಯರಿನ ಮೂಲವನ್ನು ತಯಾರಕರೇ ಸೂಚಿಸುತ್ತಾರೆ. ವೋಲ್ಟೇಜು ಸುಮಾರು 4.63ಕ್ಕಿಂತ ಇಳಿದರೆ ಅದು ಎಚ್ಚರಿಕೆ ನೀಡುತ್ತದೆ. ಇಂತಹ ಗಣಕ ಹಲಗೆಗಳಿಗೆ ಸರ್ವೊದೊಂದಿಗೆ ಹಂಚಿಕೊಳ್ಳದ ಪ್ರತ್ಯೇಕ ನಿಯಂತ್ರಕ ಕೊಡುವುದೇ ಲೇಸು. ಆದರೆ ಎರಡೂ ನಿಯಂತ್ರಕಗಳ ಭೂಮಿ ತಂತಿಗಳನ್ನು ಒಂದಾಗಿಸಬೇಕು. ಇಲ್ಲದಿದ್ದರೆ ಸರ್ವೊಗೆ ಹೋಗುವ ಸಂಕೇತಕ್ಕೆ ಆಧಾರವೇ ಇರುವುದಿಲ್ಲ.

ಹೊರವೋಲ್ಟೇಜು ಎಷ್ಟಿರಬೇಕೆಂಬುದನ್ನು ಸರಣಿಯ ಅತ್ಯಂತ ಸೂಕ್ಷ್ಮ ಭಾಗ ನಿರ್ಧರಿಸುತ್ತದೆ. ಸಾಮಾನ್ಯ ಸರ್ವೊಗಳು 4.8ರಿಂದ 6 ವೋಲ್ಟ್‌ಗೆ ಹೊಂದುತ್ತವೆ. ‘ಹೈ ವೋಲ್ಟೇಜ್’ ಸರ್ವೊಗಳನ್ನು ಎರಡು ಸೆಲ್‌ಗಳ ಬ್ಯಾಟರಿಗೆ ನಿಯಂತ್ರಕವಿಲ್ಲದೆ ಜೋಡಿಸಬಹುದು. ಆದರೆ ಗ್ರಾಹಕವೂ 8.4 ವೋಲ್ಟ್ ತಾಳುವಂತಿದ್ದರೆ ಮಾತ್ರ.

ಬಿಸಿಲು ಮತ್ತು ಧೂಳು

ದತ್ತಪತ್ರಗಳ ಅಂಕಿಗಳು ಬಹುಪಾಲು 25 ಡಿಗ್ರಿ ಸೆಲ್ಸಿಯಸ್ ತಾಪಮಾನಕ್ಕೆ ಸಂಬಂಧಿಸಿದವು. ಹಿಂದಿನ ಕಲಾದಗಿ ಜಿಲ್ಲೆಗೆ ಸೇರಿದ್ದ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್ ಪ್ರದೇಶದಲ್ಲಿ ಏಪ್ರಿಲ್–ಮೇ ತಿಂಗಳುಗಳಲ್ಲಿ ನೆರಳಿನ ತಾಪಮಾನವೇ 40 ಡಿಗ್ರಿ ಮುಟ್ಟುತ್ತದೆ. ಮೋಟಾರು ಮತ್ತು ವೇಗ ನಿಯಂತ್ರಕ ಎರಡೂ ಕಾಯುತ್ತಿರುವ ಪ್ಲಾಸ್ಟಿಕ್ ಹೊದಿಕೆಯೊಳಗೆ ಗಾಳಿ 55 ಡಿಗ್ರಿಗೆ ಏರಿದೆ ಎಂದು ಇಟ್ಟುಕೊಳ್ಳೋಣ. ಹೀಟ್‌ಸಿಂಕ್ ಇಲ್ಲದ 7805 ಪ್ರತಿ ವಾಟ್‌ಗೆ ಸುಮಾರು 65 ಡಿಗ್ರಿ ಕಾಯುತ್ತದೆ; ಅದರ ಒಳಗಿನ ಸಿಲಿಕಾನ್ 125 ಡಿಗ್ರಿ ಮೀರಬಾರದು. ಉಳಿದಿರುವ 70 ಡಿಗ್ರಿಯನ್ನು 65ರಿಂದ ಭಾಗಿಸಿದರೆ 1.08 ವಾಟ್ ದೊರೆಯುತ್ತದೆ. ಪೂರ್ಣ ಚಾರ್ಜ್ ಆದ ಎರಡು ಸೆಲ್‌ಗಳ ಬ್ಯಾಟರಿಯಲ್ಲಿ ಇದು ಸುಮಾರು 0.32 ಆಂಪಿಯರಿಗೆ ಸಮ, ಮೂರು ಸೆಲ್‌ಗಳದ್ದರಲ್ಲಿ 0.14 ಆಂಪಿಯರಿಗೆ. ಒಂದು ಆಂಪಿಯರಿನ ಬಿಡಿಭಾಗವೆಂದು ಕೊಂಡದ್ದು ಬಾಗಲಕೋಟೆಯ ಬೇಸಿಗೆಯಲ್ಲಿ ಅದರ ಮೂರನೆಯ ಒಂದು ಭಾಗಕ್ಕಿಳಿಯಿತು ಎಂದರ್ಥ.

ಅತಿಯಾಗಿ ಕಾಯ್ದಾಗ 7805 ಸುಟ್ಟುಹೋಗದೆ ತಾನಾಗಿಯೇ ಸ್ಥಗಿತಗೊಂಡು, ತಣಿದ ಮೇಲೆ ಮತ್ತೆ ಕೆಲಸ ಆರಂಭಿಸುತ್ತದೆ. ಐದಾರು ನಿಮಿಷ ಓಡಿ ನಿಂತು, ಎತ್ತಿ ನೆರಳಿಗೆ ತಂದ ಕೂಡಲೇ ಸರಿಹೋಗುವ ಕಾರಿನಲ್ಲಿ ಮೊದಲು ಪರೀಕ್ಷಿಸಬೇಕಾದದ್ದು ಇದನ್ನೇ. 1 ಆಂಪಿಯರ್ ನಿಜವಾಗಿ ಬೇಕಿದ್ದರೆ, 3.4 ವಾಟ್ ಶಾಖಕ್ಕೆ ಸಿಲಿಕಾನಿನಿಂದ ಗಾಳಿಯವರೆಗಿನ ಒಟ್ಟು ಉಷ್ಣರೋಧ ಪ್ರತಿ ವಾಟ್‌ಗೆ 20 ಡಿಗ್ರಿಯ ಆಸುಪಾಸಿನಲ್ಲಿರುವಂತೆ ಹೀಟ್‌ಸಿಂಕ್ ಹಾಕಬೇಕು. ಆ ತೂಕ ಮತ್ತು ಜಾಗಕ್ಕೆ ಸ್ವಿಚಿಂಗ್ ನಿಯಂತ್ರಕವೇ ಅಗ್ಗವಾಗುತ್ತದೆ.

ಎರೆಮಣ್ಣಿನ ನುಣ್ಣನೆಯ ಧೂಳು ಹೀಟ್‌ಸಿಂಕಿನ ರೆಕ್ಕೆಗಳ ನಡುವೆ ತುಂಬಿ ತಂಪಾಗುವಿಕೆಯನ್ನು ತಗ್ಗಿಸುತ್ತದೆ. ತೇವ ಸೇರಿದರೆ ಕಾಲುಗಳ ನಡುವೆ ಸೋರಿಕೆಗೂ ದಾರಿಯಾಗುತ್ತದೆ. ಹಲಗೆಗೆ ಕುಗ್ಗುವ ಕೊಳವೆಯ ಹೊದಿಕೆ ಹಾಕುವುದು ಧೂಳನ್ನು ತಡೆದರೂ ಶಾಖವನ್ನು ಒಳಗೇ ಹಿಡಿದಿಡುತ್ತದೆ. ಆದ್ದರಿಂದ ಹೊದಿಕೆ ಹಾಕಿದ ನಿಯಂತ್ರಕದಿಂದ ಇನ್ನೂ ಕಡಿಮೆ ಪ್ರವಾಹ ತೆಗೆದುಕೊಳ್ಳಬೇಕು.

ವಿದ್ಯಾರ್ಥಿ ಯೋಜನೆಗಳಲ್ಲಿ

ಇಂಜಿನಿಯರಿಂಗ್ ಮತ್ತು ಪಾಲಿಟೆಕ್ನಿಕ್ ವಿದ್ಯಾರ್ಥಿಗಳು ಕಟ್ಟುವ ರೇಡಿಯೊ ಅಥವಾ ಬ್ಲೂಟೂತ್ ನಿಯಂತ್ರಿತ ಕಾರುಗಳಲ್ಲಿ ಆರ್ಡುಯಿನೊ ಉನೊ ಮತ್ತು ಎಲ್298ಎನ್ ಮೋಟಾರು ಚಾಲಕ ಹಲಗೆಯ ಜೋಡಿ ಬಹಳ ಪ್ರಚಲಿತ. ಎಲ್298ಎನ್ ಹಲಗೆಯ ಮೇಲೆಯೇ 78ಎಂ05 ಎಂಬ 5 ವೋಲ್ಟ್‌ನ ರೇಖೀಯ ನಿಯಂತ್ರಕವಿದೆ. ಅದರ ಸಾಮರ್ಥ್ಯ 500 ಮಿಲಿಆಂಪಿಯರ್ ಮಾತ್ರ. ಆರ್ಡುಯಿನೊ ಒಂದಕ್ಕೆ ಇದು ಸಾಕಾಗುತ್ತದೆ. ಅದೇ 5 ವೋಲ್ಟ್ ತುದಿಗೆ ಸರ್ವೊವನ್ನೂ ಜೋಡಿಸಿದಾಗ, ಸರ್ವೊ ತಿರುಗಿದೊಡನೆ ಆರ್ಡುಯಿನೊ ಮರುಚಾಲನೆಗೊಂಡು ಕಾರ್ಯಕ್ರಮ ಮೊದಲಿನಿಂದ ಶುರುವಾಗುತ್ತದೆ. ಪ್ರದರ್ಶನದ ದಿನ ತೀರ್ಪುಗಾರರ ಮುಂದೆ ಕೈಕೊಡುವ ಕಾರುಗಳಲ್ಲಿ ಅನೇಕವು ಸಂಕೇತಭಾಷೆಯ ತಪ್ಪಿನಿಂದಲ್ಲ, ಈ ಕಾರಣದಿಂದ ಕೈಕೊಟ್ಟಿರುತ್ತವೆ.

ಈ ಹಲಗೆಗೆ 12 ವೋಲ್ಟ್‌ಗಿಂತ ಹೆಚ್ಚು ಕೊಡುವಾಗ ನಿಯಂತ್ರಕದ ಜಂಪರನ್ನು ತೆಗೆಯಬೇಕೆಂಬ ಸೂಚನೆಯಿದೆ. ಪೂರ್ಣ ಚಾರ್ಜ್ ಆದ ಮೂರು ಸೆಲ್‌ಗಳ ಬ್ಯಾಟರಿ 12.6 ವೋಲ್ಟ್ ಎಂಬುದನ್ನು ಇಲ್ಲಿ ನೆನಪಿಡಬೇಕು. ಉನೊ ಹಲಗೆಯ ‘ವಿನ್’ ಕಾಲಿಗೆ ಸೂಚಿತ ಮಿತಿ 7ರಿಂದ 12 ವೋಲ್ಟ್. ಅದರ ಒಳಗಿರುವುದೂ ರೇಖೀಯ ನಿಯಂತ್ರಕವೇ ಆದ್ದರಿಂದ ಸರ್ವೊ ಪ್ರವಾಹವನ್ನು ಅದರ ಮೂಲಕ ಹಾಯಿಸಬಾರದು.

ಅಳವಡಿಕೆ

ವೇಗ ನಿಯಂತ್ರಕದೊಳಗೆ ಈಗಾಗಲೇ ನಿಯಂತ್ರಕವಿದ್ದು, ಹೊರಗಿನಿಂದ ಇನ್ನೊಂದನ್ನು ಸೇರಿಸುವಾಗ ಎರಡರ ಹೊರವೋಲ್ಟೇಜುಗಳನ್ನು ನೇರವಾಗಿ ಕೂಡಿಸಬಾರದು. ಇಬ್ಬರೂ ಹೊರೆಯನ್ನು ಸಮನಾಗಿ ಹಂಚಿಕೊಳ್ಳುವುದಿಲ್ಲ. ಸ್ವಲ್ಪ ಹೆಚ್ಚು ವೋಲ್ಟೇಜಿರುವುದು ಎಲ್ಲವನ್ನೂ ಹೊರುತ್ತದೆ. ವೇಗ ನಿಯಂತ್ರಕದಿಂದ ಗ್ರಾಹಕಕ್ಕೆ ಬರುವ ಮೂರು ತಂತಿಗಳಲ್ಲಿ ಮಧ್ಯದ ಕೆಂಪು ತಂತಿಯ ಪಿನ್ನನ್ನು ಹೊರಗೆಳೆದು ಟೇಪು ಸುತ್ತುವುದು ಇದಕ್ಕಿರುವ ಸರಳ ಉಪಾಯ.

ಬ್ರಷ್ ಇರುವ ಮೋಟಾರುಗಳು ಕಿಡಿಗಳಿಂದ ವಿದ್ಯುತ್ ಗದ್ದಲವನ್ನುಂಟುಮಾಡುತ್ತವೆ. ಮೋಟಾರಿನ ಎರಡು ತುದಿಗಳ ನಡುವೆ ಒಂದು, ಪ್ರತಿ ತುದಿಯಿಂದ ಲೋಹದ ಕವಚಕ್ಕೆ ಒಂದೊಂದು, ಹೀಗೆ 0.1 ಮೈಕ್ರೊಫ್ಯಾರಡಿನ ಮೂರು ಸೆರಾಮಿಕ್ ಕೆಪಾಸಿಟರುಗಳನ್ನು ಬೆಸುಗೆ ಹಾಕುವುದು ಹಳೆಯ ಪದ್ಧತಿ. ಬ್ರಷ್‌ರಹಿತ ಮೋಟಾರಿಗೆ ಇವನ್ನು ಹಾಕಬಾರದು. ಸ್ವಿಚಿಂಗ್ ನಿಯಂತ್ರಕವೂ ತನ್ನದೇ ಗದ್ದಲ ಉಂಟುಮಾಡುವುದರಿಂದ ಅದನ್ನು ಗ್ರಾಹಕ ಮತ್ತು ಆಂಟೆನಾದಿಂದ ಆದಷ್ಟು ದೂರ ಇಡಲಾಗುತ್ತದೆ. ಹಳೆಯ 27 ಮೆಗಾಹರ್ಟ್ಸ್ ರೇಡಿಯೊಗಳಲ್ಲಿ ಈ ತೊಂದರೆ ತೀವ್ರವಾಗಿತ್ತು, 2.4 ಗಿಗಾಹರ್ಟ್ಸ್ ರೇಡಿಯೊಗಳು ಗದ್ದಲಕ್ಕೆ ಅಷ್ಟಾಗಿ ಬಾಗುವುದಿಲ್ಲ, ಆದರೆ ವೋಲ್ಟೇಜ್ ಕುಸಿತಕ್ಕೆ ಬೇಗ ಮಣಿಯುತ್ತವೆ.

ಗ್ರಾಹಕದ ಖಾಲಿ ಜಾಗಕ್ಕೆ ಸಿಕ್ಕಿಸುವ ದೊಡ್ಡ ಕೆಪಾಸಿಟರಿನ ಬಗ್ಗೆ ಅತಿಯಾದ ನಂಬಿಕೆಯಿದೆ. 4,700 ಮೈಕ್ರೊಫ್ಯಾರಡಿನ ಕೆಪಾಸಿಟರ್ 2 ಆಂಪಿಯರ್ ಕೊರತೆಯನ್ನು ಅರ್ಧ ವೋಲ್ಟ್ ಇಳಿಯುವುದರೊಳಗೆ ತುಂಬಬಲ್ಲದ್ದು 1.2 ಮಿಲಿಸೆಕೆಂಡಿನಷ್ಟು ಕಾಲ ಮಾತ್ರ. ಸರ್ವೊ ಚಲಿಸತೊಡಗುವ ಮೊದಲ ಕ್ಷಣದ ಜಗ್ಗಾಟಕ್ಕೆ ಅದು ನೆರವಾಗುತ್ತದೆ. ಸಾಮರ್ಥ್ಯ ಸಾಲದ ನಿಯಂತ್ರಕಕ್ಕೆ ಅದು ಬದಲಿಯಲ್ಲ.

ಬ್ಯಾಟರಿಗೆ ನೇರವಾಗಿ ಜೋಡಿಸಿದ ಹೊರನಿಯಂತ್ರಕವು ವೇಗ ನಿಯಂತ್ರಕದ ಸ್ವಿಚ್ ಆರಿಸಿದ ಮೇಲೂ ವಿದ್ಯುತ್ ಹೀರುತ್ತಿರುತ್ತದೆ. 7805 ಮತ್ತು ಎಲ್ಎಂ2596 ಎರಡೂ ಯಾವ ಹೊರೆಯೂ ಇಲ್ಲದೆ ಸುಮಾರು 5 ಮಿಲಿಆಂಪಿಯರ್ ಬಳಸುತ್ತವೆ. ಈ ಲೆಕ್ಕದಲ್ಲಿ 2,200 ಮಿಲಿಆಂಪಿಯರ್-ಗಂಟೆಯ ಬ್ಯಾಟರಿ 440 ಗಂಟೆಗಳಲ್ಲಿ, ಅಂದರೆ 18 ದಿನಗಳಲ್ಲಿ, ಪೂರ್ತಿ ಬರಿದಾಗುತ್ತದೆ. ಕನಿಷ್ಠ ಮಿತಿಗಿಂತ ಕೆಳಗಿಳಿದ ಲಿಥಿಯಂ ಸೆಲ್ ಹಾಳಾಗುತ್ತದೆ. ಅದನ್ನು ಮರಳಿ ಚಾರ್ಜ್ ಮಾಡುವುದು ಅಪಾಯಕರ. ಪರೀಕ್ಷೆಯ ರಜೆಗೆ ಊರಿಗೆ ಹೋಗುವ ವಿದ್ಯಾರ್ಥಿ ಬ್ಯಾಟರಿಯ ಕನೆಕ್ಟರನ್ನು ಬಿಡಿಸಿಟ್ಟೇ ಹೋಗಬೇಕು.

ಪರೀಕ್ಷೆ

ಸಾಮಾನ್ಯ ಮಲ್ಟಿಮೀಟರ್ ಸರಾಸರಿಯನ್ನು ತೋರಿಸುವುದರಿಂದ ಕೆಲವೇ ಮಿಲಿಸೆಕೆಂಡುಗಳ ಕುಸಿತ ಅದರಲ್ಲಿ ಕಾಣಿಸುವುದಿಲ್ಲ. ಕಾಲೇಜಿನ ಪ್ರಯೋಗಾಲಯದ ಆಸಿಲೊಸ್ಕೋಪನ್ನು ಗ್ರಾಹಕದ ಧನ ಮತ್ತು ಋಣ ಪಿನ್‌ಗಳಿಗೆ ಜೋಡಿಸಿ, ನಿರ್ದಿಷ್ಟ ಮಟ್ಟಕ್ಕಿಂತ ಕೆಳಗಿಳಿದಾಗ ಚಿತ್ರವನ್ನು ಹಿಡಿಯುವಂತೆ ಹೊಂದಿಸಬೇಕು. ಚಕ್ರಗಳನ್ನು ನೆಲದಿಂದ ಎತ್ತಿ, ಚುಕ್ಕಾಣಿಯನ್ನು ಒಂದು ಬದಿಗೆ ಕೈಯಿಂದ ತಡೆದು, ಅರ್ಧ ಬಳಸಿದ ಬ್ಯಾಟರಿಯಲ್ಲಿ ವೇಗವನ್ನು ಒಮ್ಮೆಲೇ ಏರಿಸಿ ನೋಡಲಾಗುತ್ತದೆ. ಎತ್ತಿದ ಚಕ್ರಗಳಲ್ಲಿ ಮೋಟಾರಿನ ಹೊರೆ ಕಡಿಮೆಯಾದ್ದರಿಂದ, ನೆಲದ ಮೇಲಿನ ಕುಸಿತ ಇದಕ್ಕಿಂತ ಹೆಚ್ಚಿರುತ್ತದೆ ಎಂದು ತಿಳಿದೇ ಫಲಿತಾಂಶವನ್ನು ಓದಬೇಕು. ಗ್ರಾಹಕದಲ್ಲಿ ಸಂಕೇತ ಕಡಿದಾಗ ಮೋಟಾರನ್ನು ನಿಲ್ಲಿಸುವ ‘ಫೇಲ್‌ಸೇಫ್’ ವ್ಯವಸ್ಥೆಯಿದ್ದರೆ, ಪ್ರೇಷಕವನ್ನು ಆರಿಸಿ ಅದನ್ನೂ ಇದೇ ಸಂದರ್ಭದಲ್ಲಿ ಪರೀಕ್ಷಿಸಬಹುದು. ಆದರೆ ಗ್ರಾಹಕಕ್ಕೇ ವಿದ್ಯುತ್ ಇಲ್ಲದಾಗ ಈ ವ್ಯವಸ್ಥೆ ಕೆಲಸ ಮಾಡುವುದಿಲ್ಲ. ಆಗ ಕಾರು ನಿಲ್ಲುವುದೋ ಓಡುವುದೋ ಎಂಬುದು ಸಂಕೇತ ಬಾರದಿದ್ದಾಗ ವೇಗ ನಿಯಂತ್ರಕವು ಹೇಗೆ ವರ್ತಿಸುತ್ತದೆ ಎಂಬುದನ್ನು ಅವಲಂಬಿಸಿರುತ್ತದೆ.